ಟೋಕಿಯೊದ ಅಕಿಹಬರದಲ್ಲಿ ಒಂದು ಭಾನುವಾರ: ಬಿಡಿಭಾಗದ ಅಂಗಡಿಗಳು ಎಲ್ಲಿವೆ?

ಪ್ರಶ್ನೆ (ಲ್ಯಾಬ್ ಮೇಡಂ, ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನಾನು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಏಪ್ರಿಲ್‌ನಲ್ಲಿ ಮನೆಯವರು, ಮಗನ ಜೊತೆ ಜಪಾನ್ ಪ್ರವಾಸ ಇದೆ. ಟೋಕಿಯೊದಲ್ಲಿ ಒಂದು ಭಾನುವಾರ ಪೂರ್ತಿ ಅಕಿಹಬರ ಎಂಬ ಎಲೆಕ್ಟ್ರಾನಿಕ್ಸ್ ಪೇಟೆಗೆ ಅಂತಲೇ ಇಟ್ಟುಕೊಂಡಿದ್ದೇನೆ. ಆದರೆ ಯಾವ ವಿಡಿಯೊ ನೋಡಿದರೂ ಬೊಂಬೆ, ಅನಿಮೆ, ಮೇಡ್ ಕೆಫೆ ಇಷ್ಟೇ ತೋರಿಸುತ್ತಾರೆ. ನನಗೆ ಬೇಕಿರುವುದು ಸ್ವಿಚ್ಚು, ಮೀಟರು, ಸೆನ್ಸರು ಮಾರುವ ಅಂಗಡಿಗಳು. ನಮ್ಮ ಹುಡುಗರ ಪ್ರಾಜೆಕ್ಟಿಗೆ ಸ್ವಲ್ಪ ಸಾಮಾನು ತರುವ ಆಸೆ. ಮಗನಿಗೆ ಹಳೆಯ ವಿಡಿಯೊ ಗೇಮ್ ಹುಚ್ಚು. ಅಲ್ಲಿ ಕೊಂಡದ್ದು ನಮ್ಮ ಕರೆಂಟಿಗೆ ಓಡುತ್ತದೆಯೇ? ಜಪಾನಿ ಭಾಷೆ ಒಂದಕ್ಷರವೂ ಬರುವುದಿಲ್ಲ. ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ಹೇಳಿ.

ಉತ್ತರ (ನಿಶಿಕಸಾಯ್ ಮಲೆನಾಡಿಗ)

ಮೇಡಂ, ನಿಮ್ಮ ಪ್ರಶ್ನೆ ಓದಿ ಬಹಳ ಖುಷಿಯಾಯಿತು. ನಾನು ತೀರ್ಥಹಳ್ಳಿ ಕಡೆಯವನು, ಟೋಕಿಯೊದಲ್ಲಿ ಎಂಬೆಡೆಡ್ ಕೆಲಸ. ಊರಿಂದ ಯಾರೇ ಬಂದರೂ ಅಕಿಹಬರ ತೋರಿಸುವುದು ನನಗೆ ಇಷ್ಟದ ಕೆಲಸ. ಆದರೆ ಹೆಚ್ಚಿನವರು ಯೊದೊಬಾಶಿ ಕ್ಯಾಮೆರಾದ ದೊಡ್ಡ ಕಟ್ಟಡ ಹೊಕ್ಕು ಅಲ್ಲೇ ದಿನ ಮುಗಿಸುತ್ತಾರೆ. ಅದು ಒಳ್ಳೆಯ ಅಂಗಡಿಯೇ. ಆದರೆ ಅದೇ ಕಂಪನಿಯ ಅಂಗಡಿ ಜಪಾನಿನ ಬೇರೆ ಊರುಗಳಲ್ಲೂ ಇದೆ. ಎತ್ತರದಲ್ಲಿ ಹೋಗುವ ರೈಲು ಹಳಿಯ ಕೆಳಗಿನ ಚಿಕ್ಕ ಅಂಗಡಿಗಳನ್ನು ನೋಡಲು ಮಾತ್ರ ಇಲ್ಲಿಗೇ ಬರಬೇಕು. ಬೆಳಿಗ್ಗೆ, ಕಾಲಲ್ಲಿ ಶಕ್ತಿ ಇರುವಾಗಲೇ, ಮೊದಲು ಅಲ್ಲಿಗೆ ಹೋಗಿ.

ಯಾಮಾನೊತೆ ಲೈನಿನ ರೈಲಿನಲ್ಲಿ ಬಂದರೆ ‘ಎಲೆಕ್ಟ್ರಿಕ್ ಟೌನ್’ ಎಂಬ ಬೋರ್ಡು ಹಿಡಿದು ಹೊರಗೆ ಬನ್ನಿ. ಇಂಗ್ಲಿಷಿನಲ್ಲೂ ಬರೆದಿರುತ್ತದೆ. ಸೋಬು ಲೈನಿನ ಹಳಿಯ ಕೆಳಗೇ ‘ರೇಡಿಯೊ ಸೆಂಟರ್’ ಇದೆ. ಎರಡು ಅಂತಸ್ತು. ಇಬ್ಬರು ಎದುರು ಬದುರು ಬಂದರೆ ಒಬ್ಬರು ಪಕ್ಕಕ್ಕೆ ಸರಿಯಬೇಕು, ಅಷ್ಟು ಇಕ್ಕಟ್ಟು. ಒಂದು ಅಂಗಡಿಯಲ್ಲಿ ಬರೀ ಸ್ವಿಚ್ಚು. ಇನ್ನೊಂದರಲ್ಲಿ ಬರೀ ಕನೆಕ್ಟರು. ಮತ್ತೊಂದರಲ್ಲಿ ಟ್ರಾನ್ಸ್‌ಫಾರ್ಮರು, ವ್ಯಾಕ್ಯೂಮ್ ಟ್ಯೂಬು. ಒಂದೇ ಒಂದು ಎಲ್ಇಡಿ ಕೇಳಿದರೂ ಚಿಕ್ಕ ಕವರಿನಲ್ಲಿ ಹಾಕಿ ಎರಡು ಕೈಯಲ್ಲಿ ಕೊಡುತ್ತಾರೆ. ಭಾಷೆಯ ಚಿಂತೆ ಬೇಡ. ಪಾರ್ಟ್ ನಂಬರ್ ಚೀಟಿಯಲ್ಲಿ ಬರೆದು ತೋರಿಸಿ, ಸಾಕು. ಫೋಟೊ ತೆಗೆಯುವ ಮುಂಚೆ ಮಾತ್ರ ಕೇಳಿ.

ಈ ಅಂಗಡಿಗಳು ಹಳಿಯ ಕೆಳಗೆ ಯಾಕೆ ಬಂದವು ಗೊತ್ತೇ? ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾಂಡಾ ರಸ್ತೆಬದಿಯಲ್ಲಿ ರೇಡಿಯೊ ಬಿಡಿಭಾಗ ಮಾರುವವರು ಸಾಲಾಗಿ ಕೂರುತ್ತಿದ್ದರು. ಹತ್ತಿರದಲ್ಲೇ ಇಲೆಕ್ಟ್ರಿಕಲ್ ಕಲಿಸುವ ಶಾಲೆ ಇತ್ತು. ಅಲ್ಲಿನ ವಿದ್ಯಾರ್ಥಿಗಳು ರೇಡಿಯೊ ಜೋಡಿಸಿ ಮಾರುತ್ತಿದ್ದರು. 1949ರಲ್ಲಿ ರಸ್ತೆಬದಿ ವ್ಯಾಪಾರ ಎತ್ತಿಸಬೇಕೆಂದು ಅಮೆರಿಕನ್ ಸೇನಾಡಳಿತದ ಆದೇಶ ಬಂತು. ಆಗ ಅವರಿಗೆ ಸಿಕ್ಕ ಜಾಗ ಇದು. ಪಕ್ಕದಲ್ಲೇ ಇದ್ದ ‘ರೇಡಿಯೊ ಸ್ಟೋರ್’ 2013ರಲ್ಲಿ ಮುಚ್ಚಿತು. ಅದಕ್ಕೇ ನಾನು ಎಲ್ಲರಿಗೂ ಒತ್ತಾಯ ಮಾಡುವುದು, ಉಳಿದಿರುವುದನ್ನು ಈಗಲೇ ನೋಡಿ ಅಂತ. ಸುಮ್ನೆ ನೋಡಿ ಬರಬೇಡಿ, ಏನಾದರೂ ಕೊಳ್ಳಿ. ಕೊಳ್ಳುವವರು ಇದ್ದರೇ ಅವರು ಉಳಿಯುತ್ತಾರೆ, ಅಲ್ವಾ?

ಲ್ಯಾಬಿನ ಸಾಮಾನಿಗೆ ಚುಓ ದೋರಿ ಎಂಬ ದೊಡ್ಡ ರಸ್ತೆ ದಾಟಿ ಹಿಂದಿನ ಬೀದಿಗೆ ಹೋಗಿ. ಅಲ್ಲಿ ಅಕಿಜುಕಿ ದೆನ್ಶಿ, ಸೆಂಗೊಕು ಎಂಬ ಬಿಡಿಭಾಗದ ಅಂಗಡಿಗಳು ಹತ್ತಿರ ಹತ್ತಿರ ಇವೆ. ಅಕಿಜುಕಿ ನಮ್ಮ ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಯ ಹಾಗೇ ಗಿಜಿಗಿಜಿ. ಆದರೆ ಎಲ್ಲದಕ್ಕೂ ಬೆಲೆ ಅಂಟಿಸಿದ್ದಾರೆ, ಚೌಕಾಸಿ ಇಲ್ಲ. ಬುಟ್ಟಿ ಹಿಡಿದು ನೀವೇ ಆರಿಸಬೇಕು.

ಇನ್ನೊಂದು. ಸ್ಟೇಷನ್ ಎದುರಿನ ರೇಡಿಯೊ ಕೈಕಾನ್ ಈಗ ಬೊಂಬೆ, ಕಾರ್ಡುಗಳ ಕಟ್ಟಡ. ಹಳೆಯದನ್ನು ಕೆಡವಿ 2014ರಲ್ಲಿ ಹೊಸದಾಗಿ ತೆರೆದರು. ಆದರೆ 1976ರಲ್ಲಿ ಅದರ ಏಳನೇ ಮಹಡಿಯಲ್ಲಿ ಎನ್ಇಸಿ ಕಂಪನಿ ‘ಬಿಟ್-ಇನ್’ ಎಂಬ ಕೇಂದ್ರ ತೆರೆದಿತ್ತು. ಅವರ ಟಿಕೆ-80 ಎಂಬ ಪುಟ್ಟ ಕಂಪ್ಯೂಟರ್ ಕಿಟ್ ಕೊಂಡವರು ಅಲ್ಲಿಗೆ ಬಂದು ಕಲಿಯುತ್ತಿದ್ದರು. ಇಂಟೆಲ್ 8080 ಪ್ರೊಸೆಸರಿಗೆ ಹೊಂದುವ ಚಿಪ್ಪು, ಹೆಕ್ಸ್ ಕೀಪ್ಯಾಡು, ಏಳು ಸೆಗ್ಮೆಂಟಿನ ಡಿಸ್‌ಪ್ಲೇ. ನಮ್ಮ ಪಾಲಿಟೆಕ್ನಿಕ್‌ನ 8085 ಪ್ರೊಸೆಸರಿನ ಟ್ರೈನರ್ ಕಿಟ್ ನೆನಪಾಯಿತೇ? ಅದೇ ವಂಶ. ನೀವು ಬೋರ್ಡಿನ ಮೇಲೆ ಬರೆದು ಕಲಿಸುವ ಪಾಠಕ್ಕೂ ಈ ಊರಿಗೂ ಅಷ್ಟು ಹತ್ತಿರದ ನಂಟು.

ಹತ್ತು ಗಂಟೆಗೆ ಮೊದಲು ಹೋದರೆ ಪ್ರಯೋಜನ ಕಡಿಮೆ. ಏಪ್ರಿಲ್‌ನಲ್ಲಿ ಭಾನುವಾರ ಮಧ್ಯಾಹ್ನ 1ರಿಂದ ಸಂಜೆ 6ರವರೆಗೆ ಚುಓ ದೋರಿಯಲ್ಲಿ ವಾಹನ ಬಿಡುವುದಿಲ್ಲ. ಮಗನ ಗೇಮ್ ಅಂಗಡಿಗಳನ್ನು ಆ ಹೊತ್ತಿಗೆ ಇಟ್ಟುಕೊಳ್ಳಿ.

ಉತ್ತರ (ವಾಲ್ವ್ ರೇಡಿಯೊ, ಮೈಸೂರು)

ಕರೆಂಟಿನ ವಿಷಯ ನಾನು ಹೇಳುತ್ತೇನೆ. ಜಪಾನಿನಲ್ಲಿ 100 ವೋಲ್ಟ್, ನಮ್ಮಲ್ಲಿ 230. ಟೋಕಿಯೊ ಕಡೆ 50 ಹರ್ಟ್ಸ್, ಒಸಾಕಾ ಕಡೆ 60. ಮೊದಮೊದಲು ಟೋಕಿಯೊಗೆ ಜರ್ಮನಿಯ ಜನರೇಟರ್, ಒಸಾಕಾಗೆ ಅಮೆರಿಕದ್ದು ತರಿಸಿದ್ದರಿಂದ ಇವತ್ತಿಗೂ ಒಂದೇ ದೇಶದಲ್ಲಿ ಎರಡು ಲೆಕ್ಕ. ಕ್ಲಾಸಿನಲ್ಲಿ ಹೇಳಲು ಒಳ್ಳೆಯ ಉದಾಹರಣೆ.

ಅಡಾಪ್ಟರ್ ಮೇಲೆ 100–240 ಎಂದಿದ್ದರೆ ಧೈರ್ಯವಾಗಿ ತನ್ನಿ. ಬರೀ 100 ಎಂದಿದ್ದರೆ ಇಲ್ಲಿ ಸ್ಟೆಪ್‌ಡೌನ್ (ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್) ಇಲ್ಲದೆ ಪ್ಲಗ್ಗಿಗೆ ಹಾಕಲೇಬೇಡಿ. ಬಿಡಿ ಟ್ರಾನ್ಸ್‌ಫಾರ್ಮರ್ ಕೊಳ್ಳುವಾಗಲೂ ಪ್ರೈಮರಿ (ಕರೆಂಟು ಕೊಡುವ ಬದಿ) 100 ವೋಲ್ಟಿನದು ಎಂಬುದು ನೆನಪಿರಲಿ. ವಿದ್ಯಾರ್ಥಿಗಳ ಕೈಗೆ ಕೊಡುವ ಸಾಮಾನು, ಇಲ್ಲಿ ಸಡಿಲ ಬಿಡುವ ಹಾಗಿಲ್ಲ. ಲೋರಾ ಎಂಬ, ದೂರಕ್ಕೆ ಡೇಟಾ ಕಳಿಸುವ ರೇಡಿಯೊ ಮಾಡ್ಯೂಲ್ ಮಾತ್ರ ಅಲ್ಲಿಂದ ಬೇಡವೇ ಬೇಡ. ಅವರದು 920 ಮೆಗಾಹರ್ಟ್ಸ್, ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದದ್ದು 865ರ ಆಸುಪಾಸು.

ಮಗನಿಗೆ ಗೇಮ್ ಬಾಯ್ ಕೊಡಿಸಿ. ಬ್ಯಾಟರಿಯಲ್ಲಿ ಓಡುತ್ತದೆ, ಟಿವಿ ಬೇಡ, ಯಾವ ದೇಶದ ಕಾರ್ಟ್ರಿಡ್ಜ್ ಆದರೂ ನಡೆಯುತ್ತದೆ. ಮಾತು ಜಾಸ್ತಿ ಇರುವ ಆಟ ಬೇಡ, ಎಲ್ಲ ಜಪಾನಿಯಲ್ಲೇ ಇರುತ್ತದೆ. ‘ಜಂಕ್’ ಎಂದು ಬರೆದ ಡಬ್ಬಿಯಲ್ಲಿ ಇರುವುದಕ್ಕೆ ಗ್ಯಾರಂಟಿ ಇಲ್ಲ, ವಾಪಸ್ಸೂ ಇಲ್ಲ. ರಿಪೇರಿ ಕಲಿಯುವ ಹುಡುಗರಿಗೆ ಮಾತ್ರ ಅದು ಚಿನ್ನ.

ಲ್ಯಾಬ್ ಮೇಡಂ, ಹುಬ್ಬಳ್ಳಿ

ಇಬ್ಬರಿಗೂ ತುಂಬ ಧನ್ಯವಾದ ಸರ್. 8085 ವಿಷಯ ಓದಿ ರೋಮಾಂಚನವಾಯಿತು. ಇನ್ನೆರಡು ಸಣ್ಣ ಸಂಶಯ. ನಾವು ಸಸ್ಯಾಹಾರಿಗಳು, ಮಧ್ಯಾಹ್ನ ಊಟಕ್ಕೆ ಏನು ಮಾಡುವುದು? ಸಾಮಾನು ವಿಮಾನದಲ್ಲಿ ತರಲು ತೊಂದರೆ ಇದೆಯೇ?

ನಿಶಿಕಸಾಯ್ ಮಲೆನಾಡಿಗ

ಊಟಕ್ಕೆ ಅಲ್ಲೇ ಸುತ್ತಮುತ್ತ ಇಂಡಿಯನ್ ಹೋಟೆಲುಗಳಿವೆ. ಉದೋನ್, ಸೋಬಾ ಎಂಬ ನೂಡಲ್ಸ್ ನೋಡಲು ಸಸ್ಯಾಹಾರದ ಹಾಗೇ ಇದ್ದರೂ ಸಾರಿಗೆ ಸಾಮಾನ್ಯವಾಗಿ ಮೀನಿನ ಕಷಾಯ ಹಾಕಿರುತ್ತಾರೆ. ಕೇಳದೆ ತಿನ್ನಬೇಡಿ.

ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಸೋಲ್ಡರಿಂಗ್ ಐರನ್, ಸ್ಕ್ರೂಡ್ರೈವರ್ ಚೆಕ್-ಇನ್ ಬ್ಯಾಗಿಗೆ. ಬಿಡಿಭಾಗಗಳ ಬಿಲ್ಲು ಜೊತೆಗಿಡಿ. ಪಾಸ್‌ಪೋರ್ಟ್ ಮರೆಯಬೇಡಿ, ದೊಡ್ಡ ಅಂಗಡಿಗಳಲ್ಲಿ 5000 ಯೆನ್ ದಾಟಿದರೆ ಪ್ರವಾಸಿಗಳಿಗೆ ಶೇಕಡಾ 10ರ ತೆರಿಗೆ ಬಿಡುತ್ತಾರೆ. 2026ರ ನವೆಂಬರ್‌ನಿಂದ ಮಾತ್ರ ಮೊದಲು ತೆರಿಗೆ ಕಟ್ಟಿ, ಹೊರಡುವಾಗ ವಾಪಸ್ ಪಡೆಯುವ ಪದ್ಧತಿ. ಹಳಿಯ ಕೆಳಗಿನ ಅಂಗಡಿಗಳಿಗೆ ಚಿಲ್ಲರೆ ನಗದು ಇಟ್ಟುಕೊಳ್ಳಿ.

ನಿಮಗೆ ಬೇಕಾದ ಪಟ್ಟಿ ಪಾರ್ಟ್ ನಂಬರ್ ಸಮೇತ ಇಲ್ಲೇ ಹಾಕಿ ಮೇಡಂ. ಯಾವುದು ಯಾವ ಅಂಗಡಿಯಲ್ಲಿ ಸಿಗುತ್ತದೆ ಅಂತ ನಾನು ಈ ವಾರಾಂತ್ಯ ನೋಡಿಕೊಂಡು ಬಂದು ಬರೆಯುತ್ತೇನೆ.