ಇಂಟರ್‌ಫೆರಾನ್ ಚಿಕಿತ್ಸೆಯಲ್ಲಿ ಶುರುವಾದ ಶುಗರ್: ಇನ್ಸುಲಿನ್ ನಿಲ್ಲಿಸಬಹುದಾ?

ಶಾಂತಲಾ, ಧಾರವಾಡ:
ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ 2013ರಲ್ಲಿ ಹೆಪಟೈಟಿಸ್ ಸಿಗೆ, ಅಂದರೆ ವೈರಸ್‌ನಿಂದ ಬರುವ ಲಿವರ್ ಕಾಯಿಲೆಗೆ, ಚಿಕಿತ್ಸೆ ಆಯಿತು. ಚಿಕ್ಕ ವಯಸ್ಸಿನಲ್ಲಿ ಅಪಘಾತವಾಗಿ ರಕ್ತ ಹಾಕಿಸಿದ್ದರು, ಅದರಿಂದಲೇ ಬಂದಿರಬೇಕು ಅಂದರು. ವಾರಕ್ಕೊಂದು ಪೆಗ್ ಇಂಟರ್‌ಫೆರಾನ್ ಇಂಜೆಕ್ಷನ್, ದಿನಾ ರೈಬವೈರಿನ್ ಮಾತ್ರೆ. ಇಂಜೆಕ್ಷನ್ ಆದ ರಾತ್ರಿ ಚಳಿಜ್ವರ, ಮೈಕೈ ನೋವು. ಊಟ ಸೇರುತ್ತಿರಲಿಲ್ಲ. ಕೊನೆ ಕೊನೆಗೆ ವಿಪರೀತ ಬಾಯಾರಿಕೆ, ರಾತ್ರಿಯೆಲ್ಲಾ ಮೂತ್ರಕ್ಕೆ ಏಳುವುದು. ಶುಗರ್ 400 ದಾಟಿತ್ತು. ಸಣಕಲು ಮೈ, ಅವರ ಮನೆಯಲ್ಲಿ ಯಾರಿಗೂ ಸಕ್ಕರೆ ಕಾಯಿಲೆ ಇಲ್ಲ.

ವೈರಸ್ ಹೋಯಿತು, ಇನ್ಸುಲಿನ್ ಮಾತ್ರ ಉಳಿಯಿತು. ಈಗ ಹೊಸದಾಗಿ ತೋರಿಸಿದ ಕ್ಲಿನಿಕ್‌ನಲ್ಲಿ, "ಔಷಧದಿಂದ ಬಂದ ಶುಗರ್ ತಾನೇ, ಇನ್ಸುಲಿನ್ ಬಿಡಿ, ಮಾತ್ರೆ ಸಾಕು" ಅಂದಿದ್ದಾರೆ. ಇವರಿಗೂ ಸೂಜಿ ಸಾಕಾಗಿದೆ. ನನಗೆ ಭಯ. ಯಾರಿಗಾದರೂ ಹೀಗಾಗಿದೆಯಾ?

ಮಂಜುನಾಥ, ಶಿವಮೊಗ್ಗ:
ಶಾಂತಲಾ ಅವರೇ, ದಯವಿಟ್ಟು ಇನ್ಸುಲಿನ್ ನಿಲ್ಲಿಸಬೇಡಿ. ನನಗೂ ಇದೇ ಚಿಕಿತ್ಸೆಯಲ್ಲಿ ಶುಗರ್ ಬಂತು. ನನ್ನ ವೈರಸ್ ಜೆನೋಟೈಪ್ 1 ಅನ್ನುವ ತಳಿಯದ್ದಾಗಿದ್ದರಿಂದ 48 ವಾರದ ಕೋರ್ಸ್.

ಇಂಟರ್‌ಫೆರಾನ್ ಮೈಯ ರೋಗನಿರೋಧಕ ಶಕ್ತಿಯನ್ನು ಕೆರಳಿಸುತ್ತದೆ. ವೈರಸ್ ಹೋಗಲಿ ಅಂತಲೇ ಅದನ್ನು ಕೊಡುವುದು. ಆದರೆ ಕೆಲವೇ ಕೆಲವರಲ್ಲಿ ಆ ಶಕ್ತಿ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳ ಮೇಲೂ ತಿರುಗಿಬೀಳುತ್ತದೆ. ಇನ್ಸುಲಿನ್ ಮಾಡುವ ಕೋಶಗಳೇ ಅವು. ಹಾಗೆ ಬಂದದ್ದು ಟೈಪ್ 1 ಸಕ್ಕರೆ ಕಾಯಿಲೆ. ಔಷಧ ಮುಗಿದರೂ ಸಾಮಾನ್ಯವಾಗಿ ಅದು ವಾಪಸ್ ಹೋಗುವುದಿಲ್ಲ.

ಮೊದಲು ಸಿ-ಪೆಪ್ಟೈಡ್ ಪರೀಕ್ಷೆ ಮಾಡಿಸಿ, ಜೊತೆಗೆ ಅದೇ ಹೊತ್ತಿನ ಶುಗರ್ ಕೂಡ. ಅವರ ಮೈ ಸ್ವಂತವಾಗಿ ಎಷ್ಟು ಇನ್ಸುಲಿನ್ ಮಾಡುತ್ತಿದೆ ಅಂತ ಅದರಲ್ಲಿ ತಿಳಿಯುತ್ತದೆ. ಬೀಟಾ ಕೋಶಗಳ ಮೇಲಿನ ಆ ದಾಳಿಯ ಗುರುತಾದ ಗ್ಯಾಡ್ ಆ್ಯಂಟಿಬಾಡಿ ರಕ್ತದಲ್ಲಿ ಇದೆಯಾ ಅಂತಲೂ ನೋಡುತ್ತಾರೆ. ಆದರೆ ಇಷ್ಟು ವರ್ಷದ ಮೇಲೆ ಅದು ನೆಗೆಟಿವ್ ಬಂದರೆ ಟೈಪ್ 1 ಅಲ್ಲ ಅನ್ನುವ ಹಾಗಿಲ್ಲ. ಥೈರಾಯ್ಡ್ ಕೂಡ ನೋಡಿಸಿ, ಇಂಟರ್‌ಫೆರಾನ್ ಅದನ್ನೂ ಕೆಡಿಸಬಹುದು. ನನಗೆ ಎರಡೂ ಆಯಿತು.

ಟೈಪ್ 1 ಇದ್ದವರು ಇನ್ಸುಲಿನ್ ಬಿಟ್ಟರೆ ರಕ್ತದಲ್ಲಿ ಕೀಟೋನ್ ಅನ್ನುವ ಆಮ್ಲ ಏರುತ್ತದೆ. ವಾಂತಿ, ಹೊಟ್ಟೆನೋವು, ಜೋರು ಜೋರಾಗಿ ಉಸಿರಾಟ ಕಂಡರೆ ಆಸ್ಪತ್ರೆಗೆ ಓಡಬೇಕು. ಸುಮ್ನೆ ಹೆದರಿಸುತ್ತಿಲ್ಲ, ಜೀವದ ಮಾತು ಇದು.

ಇನ್ನೊಂದು, ಈಗ ರೈಬವೈರಿನ್ ತಗೊಳ್ಳುತ್ತಿರುವವರಿಗೆ. ಅದು ಕೆಂಪು ರಕ್ತಕಣ ಒಡೆಯುತ್ತದೆ. ಹಾಗಾಗಿ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಸುಳ್ಳೇ ಕಡಿಮೆ ಬರುತ್ತದೆ. ಅದನ್ನೊಂದೇ ನಂಬಬೇಡಿ, ಬೆರಳು ಚುಚ್ಚಿ ನೋಡಿ.

ರೇಖಾ, ತುಮಕೂರು:
ಆ ಕ್ಲಿನಿಕ್‌ನವರು ಯಾಕೆ ಹಾಗಂದರು ಅಂತ ನನಗನಿಸಿದ್ದು ಹೇಳುತ್ತೇನೆ. ಹೆಪಟೈಟಿಸ್ ಸಿ ವೈರಸ್ಸೇ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಹಾಗೆ ಮಾಡುತ್ತದೆ, ಟೈಪ್ 2 ಜಾಸ್ತಿಯಾಗುತ್ತದೆ. ಅಂಥವರಲ್ಲಿ ವೈರಸ್ ಹೋದರೆ ಶುಗರ್ ಇಳಿಯುವುದುಂಟು.

ನಮ್ಮಮ್ಮನಿಗೆ ಮೊದಲಿಂದ ಟೈಪ್ 2. ಹೆಪಟೈಟಿಸ್ ಸಿಗೆ ಅವರಿಗೆ ಇಂಟರ್‌ಫೆರಾನ್ ಇಂಜೆಕ್ಷನ್ ಬೇಕಾಗಲಿಲ್ಲ, ಸೋಫೋಸ್‌ಬುವಿರ್ ಮತ್ತು ಡಕ್ಲಟಾಸ್ವಿರ್ ಮಾತ್ರೆ, 12 ವಾರ. 2018ರಲ್ಲಿ ಶುರುವಾದ ಕೇಂದ್ರದ ಹೆಪಟೈಟಿಸ್ ಯೋಜನೆಯಲ್ಲಿ ಉಚಿತವಾಗಿ ಸಿಕ್ಕಿತು. ನಡುವೆ ಒಂದು ಬೆಳಿಗ್ಗೆ ಬೆವರು, ನಡುಕ. ಶುಗರ್ 60ಕ್ಕಿಂತ ಕೆಳಗೆ. ಡಾಕ್ಟರು ಶುಗರ್ ಮಾತ್ರೆ ಗ್ಲಿಮೆಪಿರೈಡ್ ಕಡಿಮೆ ಮಾಡಿದರು. ಹೆಪಟೈಟಿಸ್ ಸಿಯ ಈ ಹೊಸ ಮಾತ್ರೆ ಶುರು ಮಾಡುವ ಶುಗರ್ ರೋಗಿಗಳು ಇದನ್ನು ಮೊದಲೇ ಕೇಳಿಕೊಳ್ಳಿ.

ಆದರೆ ನಿಮ್ಮ ಯಜಮಾನರದ್ದು ಬೇರೆ ಥರ ಕಾಣುತ್ತದೆ, ಅಲ್ವಾ? ಮಂಜುನಾಥ ಅವರು ಹೇಳಿದ ಪರೀಕ್ಷೆ ಆಗುವವರೆಗೆ ಏನೂ ಬದಲಿಸಬೇಡಿ.

ಶಾಂತಲಾ, ಧಾರವಾಡ:
ಇಬ್ಬರಿಗೂ ಧನ್ಯವಾದ. ಹುಬ್ಬಳ್ಳಿಯಲ್ಲಿ ಹಾರ್ಮೋನ್ ತಜ್ಞರಿಗೆ ತೋರಿಸಿದೆವು. ಸಿ-ಪೆಪ್ಟೈಡ್ ತೀರಾ ಕಡಿಮೆ ಇದೆ, ಇನ್ಸುಲಿನ್ ಬಿಡುವ ಮಾತೇ ಇಲ್ಲ ಅಂದರು. ಸಿರಿಂಜ್ ಬದಲು ಸಣ್ಣ ಸೂಜಿಯ ಪೆನ್ ಬರೆದುಕೊಟ್ಟಿದ್ದಾರೆ, ಇವರೂ ಒಪ್ಪಿದ್ದಾರೆ. ಥೈರಾಯ್ಡ್ ವರದಿ ಸೋಮವಾರ ಬರುತ್ತದೆ, ಬಂದ ಮೇಲೆ ಇಲ್ಲೇ ಹಾಕುತ್ತೇನೆ.