ಪದಚರ್ಚೆ: ಉಪ್ಪು ಕರಗುವುದು, ಬೆಣ್ಣೆ ಕರಗುವುದು – ಎರಡಕ್ಕೂ ಒಂದೇ ಕ್ರಿಯಾಪದ ಸಾಕೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ಉಡುಪಿಯಿಂದ ನಮಸ್ಕಾರಗಳು.

ನಮ್ಮ ಬಡಾವಣೆಯ ಏಳೆಂಟು ಮನೆಗಳವರು ಸೇರಿ, ರಜಾದಿನಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಅಡುಗೆಮನೆಯ ಸಾಮಾನುಗಳಿಂದಲೇ ಮಾಡಬಹುದಾದ ಸಣ್ಣ ವಿಜ್ಞಾನದ ಚಟುವಟಿಕೆಗಳನ್ನು ವಾರಕ್ಕೊಂದು ಪುಟದಂತೆ ಕನ್ನಡದಲ್ಲಿ ಬರೆದು ಹಂಚಿಕೊಳ್ಳುತ್ತಿದ್ದೇವೆ. ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಹಿಂದಿನ ಪುಟದಲ್ಲಿ, ಒಂದು ಲೋಟ ನೀರಿಗೆ ಚಮಚ ಚಮಚವಾಗಿ ಉಪ್ಪು ಹಾಕುತ್ತ, ಎಲ್ಲಿಯವರೆಗೆ ಅದು ಕರಗುತ್ತದೆ, ಯಾವಾಗ ತಳದಲ್ಲಿ ಉಳಿಯತೊಡಗುತ್ತದೆ ಎಂದು ನೋಡುವ ಚಟುವಟಿಕೆ ಇತ್ತು. 100 ಮಿಲಿಲೀಟರ್ ನೀರಿಗೆ ಸುಮಾರು 36 ಗ್ರಾಂ ಉಪ್ಪು ಹಿಡಿಸುತ್ತದೆ. ಸಕ್ಕರೆಯಾದರೆ ಅಷ್ಟೇ ನೀರಿಗೆ 200 ಗ್ರಾಂನಷ್ಟು ಹಿಡಿಸುತ್ತದೆ ಎಂಬುದನ್ನು ಮಕ್ಕಳು ಸುಲಭವಾಗಿ ನಂಬುವುದಿಲ್ಲ. ಇಷ್ಟಕ್ಕೇ ನಿಲ್ಲಿಸಬೇಕಾಗಿತ್ತು. ಓದುವವರಿಗೆ ಸ್ವಾರಸ್ಯವೆನಿಸಲಿ ಎಂದು ಪುಟದ ಅಡಿಯಲ್ಲಿ ‘ಉಪ್ಪಿನ ಕರಗುವ ಬಿಂದು 801 ಡಿಗ್ರಿ ಸೆಲ್ಸಿಯಸ್’ ಎಂಬ ಸಾಲನ್ನೂ ಸೇರಿಸಿದೆ. ಮರುದಿನವೇ ನೆರೆಮನೆಯ ಐದನೆಯ ತರಗತಿಯ ಹುಡುಗಿ ಆ ಪುಟವನ್ನು ಹಿಡಿದುಕೊಂಡು ಬಂದು, “ಮಾಮ, ನಮ್ಮ ಮನೆಯಲ್ಲಿ ಉಪ್ಪು ತಣ್ಣೀರಿನಲ್ಲೇ ಕರಗಿತು, 801 ಡಿಗ್ರಿ ಯಾಕೆ ಬೇಕು?” ಎಂದು ಕೇಳಿದಳು.

ಅವಳ ಪ್ರಶ್ನೆಯಲ್ಲಿ ತಪ್ಪಿಲ್ಲ, ನನ್ನ ಎರಡು ವಾಕ್ಯಗಳಲ್ಲೂ ತಪ್ಪಿಲ್ಲ. ಆದರೆ ಎರಡನ್ನೂ ಒಂದೇ ಪುಟದಲ್ಲಿ ಇಟ್ಟಾಗ ಅವು ಒಂದನ್ನೊಂದು ಸುಳ್ಳು ಮಾಡುತ್ತವೆ. ಮೊದಲನೆಯ ‘ಕರಗು’ವಿನಲ್ಲಿ ಎರಡು ವಸ್ತುಗಳಿವೆ: ಉಪ್ಪು ನೀರಿನೊಳಗೆ ಕಣಕಣವಾಗಿ ಹರಡಿ ಕಾಣದಂತಾಗುತ್ತದೆ, ಆ ನೀರನ್ನು ತಟ್ಟೆಗೆ ಸುರಿದು ಬಿಸಿಲಿಗಿಟ್ಟರೆ ಉಪ್ಪು ಮರಳಿ ಸಿಗುತ್ತದೆ. ಎರಡನೆಯ ‘ಕರಗು’ವಿನಲ್ಲಿ ಇರುವುದು ಒಂದೇ ವಸ್ತು: ಉಪ್ಪೇ, ನೀರಿನ ಹಂಗಿಲ್ಲದೆ, ಬರಿಯ ಕಾವಿನಿಂದ ಗಟ್ಟಿ ರೂಪವನ್ನು ಬಿಟ್ಟು ಹರಿಯುವಂತಾಗುತ್ತದೆ. ಈ ಎರಡನ್ನೂ ಮಕ್ಕಳಿಗೆ ಬೇರೆ ಬೇರೆಯಾಗಿ ಹೇಳಲು ಯಾವ ಮಾತುಗಳನ್ನು ಬಳಸಬೇಕು ಎಂಬುದೇ ನನ್ನ ಪ್ರಶ್ನೆ.

ಇದು ನಮ್ಮ ಕಾಲದ ಗೊಂದಲವೇನೂ ಅಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಪ್ರಕಟವಾದ ಕಿಟೆಲರ ನಿಘಂಟು ಕೂಡ ‘ಕರಗು’ ಎಂಬ ಒಂದೇ ಉಲ್ಲೇಖದ ಕೆಳಗೆ ಈ ಎರಡು ಅರ್ಥಗಳನ್ನೂ, ಅವುಗಳ ಜೊತೆಗೆ ಸವೆಯುವುದು, ಮರುಗುವುದು ಎಂಬ ಅರ್ಥಗಳನ್ನೂ ಕೊಡುತ್ತದೆ. ತುಳುವಿನ ‘ಕರಗುನಿ’ ಇದರ ಒಡಹುಟ್ಟು. ತೆಲುಗಿನವರೂ ಎರಡಕ್ಕೂ ಅದೇ ಮೂಲದ ಪದವನ್ನು ಬಳಸುತ್ತಾರೆ. ತಮಿಳಿನಲ್ಲಿ ಮಾತ್ರ ನೀರಿನಲ್ಲಿ ಸೇರಿಹೋಗುವುದಕ್ಕೆ ‘ಕರೈ’, ಕಾವಿಗೆ ಹರಿಯುವಂತಾಗುವುದಕ್ಕೆ ‘ಉರುಗು’ ಎಂಬ ಎರಡು ಬೇರೆ ಪದಗಳಿವೆ. ನಮ್ಮ ನೆರೆಯ ಮಲಯಾಳದಲ್ಲಿ ‘ಅಲಿಯುಕ’, ‘ಉರುಕುಕ’ ಎಂಬ ಜೋಡಿಯಿದೆ. ಮರಾಠಿಯಲ್ಲೂ ಹಿಂದಿಯಲ್ಲೂ ಅಂಥದೇ ಜೋಡಿಗಳಿವೆ. ಕಾಸರಗೋಡಿನ ಕಡೆಯಲ್ಲಿ ಕನ್ನಡ, ಮಲಯಾಳ ಎರಡನ್ನೂ ಆಡುವ ಮಕ್ಕಳಿಗೆ ಈ ತೊಡಕು ಬಾರದಿರಬಹುದು, ಬರಿಯ ಕನ್ನಡ ಮತ್ತು ತುಳು ಆಡುವ ನಮ್ಮ ಮಕ್ಕಳಿಗೆ ಬಂದೇ ಬರುತ್ತದೆ.

ಗೆಳೆಯರೊಬ್ಬರು, ಶಾಸ್ತ್ರದ ಪದಗಳಿವೆಯಲ್ಲ, ಅವನ್ನೇ ಬಳಸಿರಿ ಎಂದರು. ಅವರು ಸೂಚಿಸಿದ್ದು ಒಂದಕ್ಕೆ ‘ದ್ರವಿಸು’, ಇನ್ನೊಂದಕ್ಕೆ ‘ವಿಲೀನವಾಗು’. ‘ದ್ರವಿಸು’ ಎಂದ ಕೂಡಲೇ ನನ್ನ ಕಿವಿಗೆ ಕೇಳಿಸುವುದು ಮನಸ್ಸು ದ್ರವಿಸಿದ ಸದ್ದು. ಬೆಣ್ಣೆ ದ್ರವಿಸಿತು ಎಂದು ಬರೆದರೆ ಬೆಣ್ಣೆಗೆ ಯಾರ ಮೇಲೋ ಕರುಣೆ ಬಂದಂತಾಗುತ್ತದೆ. ‘ವಿಲೀನ’ದ ಕಥೆ ನಮ್ಮ ಜಿಲ್ಲೆಗಳಲ್ಲಿ ಇನ್ನೂ ಬೇರೆ. ಇಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ಮರುವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಸೇರಿದ ಮೇಲೆ, ಮನೆಗೊಬ್ಬರಾದರೂ ಬ್ಯಾಂಕ್ ನೌಕರರಿರುವ ಈ ಕರಾವಳಿಯಲ್ಲಿ ‘ವಿಲೀನ’ ಎಂದರೆ ಒಂದೇ ಅರ್ಥ. ಸಕ್ಕರೆಯು ನೀರಿನಲ್ಲಿ ವಿಲೀನವಾಯಿತು ಎಂದು ನಾನು ಪ್ರಯೋಗಕ್ಕೆಂದು ಓದಿ ಹೇಳಿದಾಗ, ಆ ಹುಡುಗಿಯ ಅಜ್ಜ, ನಿವೃತ್ತ ಬ್ಯಾಂಕ್ ಅಧಿಕಾರಿಗಳು, ಪತ್ರಿಕೆಯಿಂದ ತಲೆಯೆತ್ತಿ ನೋಡಿದರು.

ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಈ ಸಂಸ್ಕೃತ ಪದಗಳೂ ಮೂಲದಲ್ಲಿ ನಾವು ಬಯಸುವ ಭೇದವನ್ನು ಮಾಡುವುದಿಲ್ಲ. ದ್ರವ, ದ್ರಾವಣ, ದ್ರಾವಕ, ದ್ರಾವ್ಯ ಎಲ್ಲವೂ ಓಡು, ಹರಿ ಎಂಬ ಅರ್ಥದ ‘ದ್ರು’ ಧಾತುವಿನಿಂದ ಬಂದವು. ‘ವಿಲೀನ’ಕ್ಕೂ ಸಂಸ್ಕೃತದಲ್ಲಿ ಕಾವಿಗೆ ಕರಗಿದ್ದು, ನೀರಿನಲ್ಲಿ ಕರಗಿದ್ದು ಎಂಬ ಎರಡೂ ಅರ್ಥಗಳಿವೆ. ಭೇದವನ್ನು ಮಾಡಿದವರು ಪಠ್ಯಪುಸ್ತಕ ಬರೆದವರು, ಧಾತುವಲ್ಲ. ಹಾಗಿರುವಾಗ ಐದನೆಯ ತರಗತಿಯ ಮಗುವಿಗೆ ಅಪರಿಚಿತವಾದ ಪದವನ್ನು ತಂದುಕೊಟ್ಟು ನಾವು ಗಳಿಸುವುದೇನು ಎಂಬ ಸಂಶಯ ನನಗಿದೆ.

‘ದ್ರಾವಣ’ವನ್ನು ಮಾತ್ರ ನಾನು ಬಿಡಲಾರೆ, ಏಕೆಂದರೆ ಅದು ನಮ್ಮಲ್ಲಿ ಪುಸ್ತಕದ ಪದವಾಗಿ ಉಳಿದಿಲ್ಲ. ಅಡಿಕೆ ತೋಟವಿರುವ ಯಾವ ಮನೆಯಲ್ಲಿ ಕೇಳಿದರೂ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದ ಲೆಕ್ಕ ಬಾಯಿಪಾಠವಾಗಿರುತ್ತದೆ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟು), ಒಂದು ಕಿಲೋ ಸುಣ್ಣ. ವಿನೋದವೆಂದರೆ, ಶಾಸ್ತ್ರದ ಪ್ರಕಾರ ಅದು ದ್ರಾವಣವೇ ಅಲ್ಲ. ಸುಣ್ಣ ಸೇರಿದ ಮೇಲೆ ಉಂಟಾಗುವ ನೀಲಿ ಕಣಗಳು ನೀರಿನಲ್ಲಿ ತೇಲಾಡುತ್ತಿರುತ್ತವೆ, ಕಲಕದೆ ಬಿಟ್ಟರೆ ತಳಕ್ಕೆ ಕೂರುತ್ತವೆ. ಆದರೆ ಅದಕ್ಕೆ ಮೊದಲಿನ ಹಂತದಲ್ಲಿ, ಮೈಲುತುತ್ತನ್ನು ಬಟ್ಟೆಯಲ್ಲೋ ಗೋಣಿಯಲ್ಲೋ ಕಟ್ಟಿ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ತೂಗುಬಿಡುವ ಪದ್ಧತಿಯಲ್ಲಿ ಒಳ್ಳೆಯ ಪಾಠವಿದೆ. ಕರಗಿದ ನೀರು ಭಾರವಾಗಿ ಕೆಳಗಿಳಿಯುತ್ತದೆ, ಹೊಸ ನೀರು ಗಂಟಿನ ಬಳಿಗೆ ಬರುತ್ತದೆ, ಹೀಗಾಗಿ ತಳದಲ್ಲಿ ಹಾಕಿದ್ದಕ್ಕಿಂತ ಬೇಗ ಕರಗುತ್ತದೆ. ಮೈಲುತುತ್ತು ವಿಷ, ಮಕ್ಕಳ ಕೈಗೆ ಕೊಡುವಂಥದ್ದಲ್ಲ. ಅದರ ಬದಲು ಎರಡು ಗಾಜಿನ ಲೋಟಗಳಲ್ಲಿ ಒಂದೇ ಅಳತೆಯ ನೀರು ತೆಗೆದುಕೊಂಡು, ಒಂದರಲ್ಲಿ ಕಲ್ಲುಸಕ್ಕರೆಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಮೇಲೆ ತೂಗುಬಿಟ್ಟು, ಇನ್ನೊಂದರಲ್ಲಿ ಅಂಥದೇ ಗಂಟನ್ನು ತಳದಲ್ಲಿಟ್ಟು, ಕಲಕದೆ ನೋಡಲು ಹೇಳಿದರೆ ಸಾಕು. ಮೇಲಿನ ಗಂಟಿನಿಂದ ಸಿಹಿನೀರು ಎಳೆಎಳೆಯಾಗಿ ಇಳಿಯುವುದು ಬೆಳಕಿಗೆ ಹಿಡಿದರೆ ಕಾಣುತ್ತದೆ.

ಇನ್ನು ಮನೆಯ ಮಾತಿಗೆ ಬರುತ್ತೇನೆ. ಹಿರಿಯರು ಈ ಭೇದವನ್ನು ತಿಳಿಯದೆ ಇದ್ದವರೇನಲ್ಲ. ನನ್ನ ತಾಯಿಯವರ ಮಾತನ್ನು ಕೆಲವು ದಿನ ಗಮನವಿಟ್ಟು ಕೇಳಿದಾಗ ನನಗೆ ತೋರಿದ್ದೆಂದರೆ, ಅವರು ಭೇದವನ್ನು ಕ್ರಿಯಾಪದದಲ್ಲಿ ಅಲ್ಲ, ವಿಭಕ್ತಿಯಲ್ಲಿ ಇಡುತ್ತಾರೆ. ಬೆಲ್ಲ ‘ನೀರಿನಲ್ಲಿ’ ಕರಗುತ್ತದೆ, ಬೆಣ್ಣೆ ‘ಬಿಸಿಗೆ’ ಕರಗುತ್ತದೆ. ಹಿಂಗು ‘ಮಜ್ಜಿಗೆಯಲ್ಲಿ’, ಮೇಣದಬತ್ತಿ ‘ಬಿಸಿಲಿಗೆ’. ಸಪ್ತಮಿ ಬಂದರೆ ಎರಡು ವಸ್ತು, ಚತುರ್ಥಿ ಬಂದರೆ ಒಂದು ವಸ್ತು ಮತ್ತು ಕಾವು. ಮಕ್ಕಳ ಪುಟಕ್ಕೆ ಈ ನಿಯಮ ಬಹಳ ಸೊಗಸಾಗಿದೆ ಎಂದುಕೊಂಡು ಎರಡು ದಿನ ಹಿಗ್ಗಿದೆ. ಮೂರನೆಯ ದಿನ ನಿಯಮಕ್ಕೆ ಸಿಗದ ಮಾತುಗಳು ಎದುರಾದವು. ಮಣ್ಣಿನ ಗೋಡೆ ‘ಮಳೆಗೆ’ ಕರಗುತ್ತದೆ, ಅಲ್ಲಿ ಕಾವಿಲ್ಲ. ಮೈಸೂರುಪಾಕು ‘ಬಾಯಲ್ಲಿ’ ಕರಗುತ್ತದೆ. ಅಲ್ಲಿ ತುಪ್ಪ ನಾಲಗೆಯ ಬಿಸಿಗೂ ಸಕ್ಕರೆ ಎಂಜಲಿನಲ್ಲೂ ಕರಗುತ್ತಿರುವುದರಿಂದ, ಒಂದೇ ತುಂಡು ಎರಡೂ ಕೆಲಸಗಳನ್ನು ಒಟ್ಟಿಗೆ ಮಾಡುತ್ತಿರುತ್ತದೆ.

ಈ ‘ಬಾಯಲ್ಲಿ’ ಎಂಬ ಮಾತೇ ಒಂದು ಚಟುವಟಿಕೆಯಾಯಿತು. ಒಣಗಿದ ಒಂದು ಅಂಗೈಯಲ್ಲಿ ಚಾಕೊಲೇಟಿನ ತುಂಡನ್ನೂ ಇನ್ನೊಂದರಲ್ಲಿ ಕಲ್ಲುಸಕ್ಕರೆಯನ್ನೂ ಇಟ್ಟು ಮುಷ್ಟಿ ಬಿಗಿಹಿಡಿಯಬೇಕು. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಯಲ್ಲಿ ಕರಗುವುದರಿಂದ ಚಾಕೊಲೇಟು ಅಂಗೈಯ ಬಿಸಿಗೇ ಅಂಟಂಟಾಗುತ್ತದೆ, ಕಲ್ಲುಸಕ್ಕರೆ ಎಷ್ಟು ಹೊತ್ತಾದರೂ ಹಾಗೆಯೇ ಇರುತ್ತದೆ. ಬಾಯಿಗೆ ಹಾಕಿದರೆ ಎರಡೂ ಕರಗುತ್ತವೆ. ಯಾವುದು ಬಿಸಿಗೆ ಕರಗಿತು, ಯಾವುದು ನೀರಿನಲ್ಲಿ ಕರಗಿತು ಎಂದು ಕೇಳಿದರೆ, ಹೊಸ ಪದವನ್ನು ಕಲಿಸದೆಯೇ ಮಕ್ಕಳು ಸರಿಯಾಗಿ ಉತ್ತರಿಸಿದರು. ಈ ಅನುಭವದಿಂದಾಗಿ ನಾನು ‘ಕರಗು’ವನ್ನು ಉಳಿಸಿಕೊಂಡು, ಅದರ ಹಿಂದೆ ‘ಯಾವುದರಲ್ಲಿ’ ಅಥವಾ ‘ಯಾವುದಕ್ಕೆ’ ಎಂಬುದನ್ನು ತಪ್ಪದೆ ಬರೆಯಬೇಕು ಎಂಬ ಪಕ್ಷಕ್ಕೆ ವಾಲಿದ್ದೇನೆ. ‘ಕರಗುವ ಬಿಂದು’ ಎಂಬುದನ್ನು ಮಾತ್ರ ‘ಕಾವಿಗೆ ಕರಗುವ ಬಿಂದು’ ಎಂದು ಬಿಡಿಸಿ ಬರೆಯುವುದು ಒಳ್ಳೆಯದು. ಉದ್ದವಾಯಿತು ಎಂಬ ಆಕ್ಷೇಪವನ್ನು ಒಪ್ಪುತ್ತೇನೆ.

ಕರಾವಳಿಯವರು ಮರೆಯಬಾರದ ಮೂರನೆಯ ‘ಕರಗು’ ಒಂದಿದೆ. ಮಳೆಗಾಲದ ಆಟಿ ತಿಂಗಳಲ್ಲಿ ಭರಣಿಯಲ್ಲಿಟ್ಟ ಕಲ್ಲುಪ್ಪು ಯಾರೂ ನೀರು ಹಾಕದಿದ್ದರೂ ಒದ್ದೆಯಾಗಿ, ತಳದಲ್ಲಿ ನೀರು ನಿಲ್ಲುತ್ತದೆ. ಗಾಳಿಯ ಸಾಪೇಕ್ಷ ತೇವಾಂಶ ಶೇಕಡಾ 75ನ್ನು ದಾಟಿದರೆ ಶುದ್ಧ ಉಪ್ಪು ಕೂಡ ಗಾಳಿಯ ನೀರನ್ನು ಎಳೆದುಕೊಂಡು ಅದರಲ್ಲೇ ಕರಗತೊಡಗುತ್ತದೆ. ಕಲ್ಲುಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡು ಅದಕ್ಕಿಂತ ಬಹಳ ಮೊದಲೇ ಈ ಕೆಲಸವನ್ನು ಶುರುಮಾಡುತ್ತದೆ. ಇದಕ್ಕೆ ನಮ್ಮ ಮನೆಗಳಲ್ಲಿ ‘ಉಪ್ಪು ನೀರು ಬಿಟ್ಟಿದೆ’ ಎನ್ನುತ್ತಾರೆ. ನಿಜವಾಗಿ ಅದು ನೀರನ್ನು ಬಿಟ್ಟಿಲ್ಲ, ಹಿಡಿದಿದೆ. ಆದರೂ ಈ ಮಾತು ಇಷ್ಟು ಬಳಕೆಯಲ್ಲಿರುವಾಗ ತಿದ್ದಲು ಮನಸ್ಸಾಗುವುದಿಲ್ಲ. ಘಟ್ಟದ ಮೇಲಿನವರು ಇದಕ್ಕೆ ಏನನ್ನುತ್ತಾರೆ ಎಂದು ತಿಳಿಯುವ ಕುತೂಹಲವಿದೆ.

‘ಕರಗು’ವಿನ ಎದುರು ಪದವೂ ನೆಟ್ಟಗಿಲ್ಲ. ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ, ಹಾಲು ಮೊಸರಾಗುತ್ತದೆ, ಗಾಯದ ರಕ್ತ ನಿಲ್ಲುತ್ತದೆ. ಮೂರಕ್ಕೂ ‘ಹೆಪ್ಪುಗಟ್ಟು’ ಎನ್ನುತ್ತೇವೆ. ಅದನ್ನು ಇನ್ನೊಂದು ಪತ್ರದಲ್ಲಿ ಕೇಳುತ್ತೇನೆ.

ಸದ್ಯಕ್ಕೆ ನನ್ನನ್ನು ಕಟ್ಟಿಹಾಕಿರುವುದು ಬರುವ ವಾರದ ಪುಟ. ಸ್ಟೀಲಿನ ಲೋಟದಲ್ಲಿ ಪುಡಿಮಾಡಿದ ಐಸ್ ತುಂಬಿ – ಪುಸ್ತಕದಲ್ಲಿ ಮಂಜುಗಡ್ಡೆ ಎಂದಿದ್ದರೂ ಮಲ್ಪೆಯ ಬಂದರಿನಲ್ಲಿ ಮೀನಿನ ಪೆಟ್ಟಿಗೆಗೆ ಸುರಿಯುವುದು ಐಸನ್ನೇ – ಅದರ ಮೂರನೆಯ ಒಂದು ಪಾಲಿನಷ್ಟು ಉಪ್ಪನ್ನು ಬೆರೆಸಿದರೆ, ಐಸ್ ಕರಗುತ್ತಿದ್ದರೂ ಲೋಟ ಸೊನ್ನೆ ಡಿಗ್ರಿಗಿಂತ ಕೆಳಗೆ ತಣ್ಣಗಾಗುತ್ತದೆ. ಹೊರಮೈಯಲ್ಲಿ ಕೂತ ನಮ್ಮ ಊರಿನ ಗಾಳಿಯ ಪಸೆ ಬಿಳಿಯ ಹಿಮವಾಗಿ ಅಂಟುತ್ತದೆ. ಸೊನ್ನೆಗಿಂತ 21 ಡಿಗ್ರಿ ಕೆಳಗಿನವರೆಗೂ ಇದು ಹೋಗಬಲ್ಲದು, ಆದ್ದರಿಂದ ಬರಿಗೈಯಲ್ಲಿ ಹಿಡಿದುಕೊಂಡಿರಬಾರದು ಎಂಬ ಎಚ್ಚರಿಕೆಯನ್ನೂ ಬರೆದಿದ್ದೇನೆ. ಕಾರಣವನ್ನು ವಿವರಿಸುವ ಸಾಲು ಈಗ ಹೀಗಿದೆ: ‘ಐಸಿನ ಮೈಮೇಲಿನ ತೆಳು ನೀರಿನಲ್ಲಿ ಉಪ್ಪು ಕರಗುತ್ತದೆ, ಉಪ್ಪುನೀರು ಸೊನ್ನೆ ಡಿಗ್ರಿಯಲ್ಲಿ ಐಸಾಗದ ಕಾರಣ ಐಸ್ ಇನ್ನಷ್ಟು ಕರಗುತ್ತದೆ, ಹಾಗೆ ಕರಗಲು ಬೇಕಾದ ಶಾಖವನ್ನು ಅದು ಸುತ್ತಲಿನಿಂದ ಎಳೆದುಕೊಳ್ಳುವುದರಿಂದ ಲೋಟ ತಣ್ಣಗಾಗುತ್ತದೆ.’

ಈ ಸಾಲಿನಲ್ಲಿ ಮೂರು ಸಲ ‘ಕರಗು’ ಬಂದಿದೆ, ಮೊದಲನೆಯದಕ್ಕೂ ಉಳಿದೆರಡಕ್ಕೂ ಅರ್ಥ ಬೇರೆ. ಇಲ್ಲಿ ನನ್ನ ವಿಭಕ್ತಿಯ ಉಪಾಯವೂ ಕೈಕೊಡುತ್ತದೆ, ಏಕೆಂದರೆ ಐಸ್ ಬಿಸಿಗೆ ಕರಗಿತು ಎಂದು ಬರೆದರೆ ತಣ್ಣಗಾಗುವ ಲೋಟವನ್ನು ಹಿಡಿದ ಮಗು ನಗುತ್ತದೆ. ಐಸಿಗೆ ಸಂಬಂಧಿಸಿದ ಎರಡೂ ಕಡೆ ‘ನೀರಾಗು’ ಎಂದು ಬದಲಿಸಬಹುದೇ, ಅಥವಾ ಉಪ್ಪಿಗೆ ಬೇರೆ ಮಾತು ನಿಮ್ಮ ಊರಿನಲ್ಲಿ ಬಳಕೆಯಲ್ಲಿದೆಯೇ? ಶುಕ್ರವಾರ ಸಂಜೆಗೆ ಪುಟದ ನೆರಳಚ್ಚು ತೆಗೆಸಬೇಕಾಗಿರುವುದರಿಂದ, ಅದಕ್ಕೆ ಮೊದಲು ತಿಳಿಸಿದರೆ ಸಾಲನ್ನು ತಿದ್ದಿಕೊಳ್ಳುತ್ತೇನೆ.