ಮಾಮಾ, ಇನೊವೆ ಮುಗದಾನ ಅನಬ್ಯಾಡ್ರಿ

ಮಾಮಾ, ನಿಮ್ಮ ಮಾತು ಈಗ ಕೇಳ್ದೆ ನೋಡ್ರಿ, ಪುಣೆದ ಸ್ವಾರಗೇಟ್‌ನಾಗ ಬಸ್ಸಿಗೆ ನಿಂತಿದ್ದೆ, ಮನಿ ಮುಟ್ಟೂತನಾ ಅದೇ ತಲಿಯಾಗಿತ್ತು. ಜಪಾನಿನ ಬಾಕ್ಸಿಂಗ್ ಚಾಂಪಿಯನ್ ಇನೊವೆಗೂ ಅದೇ ದೇಶದ ನಕಟಾನಿಗೂ ಫೈಟ್ ಆದ್ರ ಇನೊವೆ ಮುಗದಂಗ, ಎರಡ್ ಸಲ ಕೆಳಗ ಬಿದ್ದಾನ, ನಕಟಾನಿ ಎತ್ತರ, ಮ್ಯಾಲ ಎಡಗೈಯವ, ಬಲಗಾಲು ಮುಂದಿಟ್ಟು ಆಡಾಂವ ಅಂದ್ರಿ. ನಾ ಒಪ್ಪಂಗಿಲ್ಲ ಮಾಮಾ.

ಬಿದ್ದದ್ದು ಖರೇ. 2024ರಾಗ ಟೋಕಿಯೋ ಡೋಮ್‌ನಾಗ ನೆರಿ ಮೊದಲ್ನೇ ರೌಂಡಿಗೇ ಕೆಡವಿದ, 2025ರ ಮೇದಾಗ ಲಾಸ್ ವೇಗಸ್‌ನಾಗ ಕಾರ್ಡೆನಾಸ್ ಎರಡನೇ ರೌಂಡಿಗೆ, ಎರಡೂ ಸಲ ಲೆಫ್ಟ್ ಹುಕ್, ಎಡಗೈ ಬಾಗಿಸಿ ಪಕ್ಕದಿಂದ ಹೊಡಿಯೂ ಹೊಡತ. ಆದ್ರ ಆಮ್ಯಾಲ ಏನಾತು? ನೆರಿನ್ನ ಆರನೇ ರೌಂಡಿಗೆ ಮುಗಿಸಿದ, ಕಾರ್ಡೆನಾಸ್‌ನ್ನ ಎಂಟನೇದಕ್ಕ. ಇದು ಬಿದ್ರೂ ಮೀಸಿ ಮಣ್ಣಾಗಿಲ್ಲ ಅನ್ನೂ ಮಂದಿ ಮಾತಲ್ಲ, ಮಣ್ಣಾಗೇತಿ ಅಂತ ಒಪ್ಕೊಂಡು ಆಟಾನ ಬದಲ್ ಮಾಡಿದವನ ಮಾತು. 2025ರ ಸೆಪ್ಟೆಂಬರ್‌ನಾಗ ನಾಗೋಯಾದಾಗ ಅಖ್ಮದಾಲಿಯೇವ್ ಮುಂದ ನೋಡ್ರಿ, ಅವನೂ ಎಡಗೈಯವನ, ರಿಯೋ ಒಲಿಂಪಿಕ್ಸ್ ಕಂಚು ಗೆದ್ದಾಂವ, ನಾಕೌಟಿಗೆ ಆಸಿ ಬೀಳದ 12 ರೌಂಡೂ ಹೊಡದು ಹಿಂದ ಸರದು, ಹೊಡದು ಹಿಂದ ಸರದು, ಪಾಯಿಂಟ್ಸ್ ಮ್ಯಾಲ ಗೆದ್ದ, ಒಬ್ಬ ಜಡ್ಜ್ 117-111, ಉಳದ ಇಬ್ರೂ 118-110 ಕೊಟ್ರು. ನಾ ಅವತ್ತು ಕುಂತಲ್ಲಿಂದ ಎದ್ದು ನಿಂತು ನೋಡೀನಿ ಮಾಮಾ, ಇಷ್ಟು ಬಿರುಸಾಗಿ ಹೊಡಿಯಾಂವ ಇಷ್ಟು ತಾಳ್ಮಿ ಹಿಡದದ್ದು ಕಂಡು ಕಣ್ಣಾಗ ನೀರ ಬಂತು.

ಎಡಗೈ ವಿಷಯ ನನಗೂ ಗೊತ್ತೇತಿ, ನನ್ನ ಮಗ ಇಲ್ಲೇ ಬಾಕ್ಸಿಂಗ್ ಕ್ಲಾಸಿನ್ಯಾಗ ಮೊದಲ ಸಲ ಎಡಗೈ ಹುಡುಗನ ಜೋಡಿ ಸ್ಪಾರಿಂಗ್, ಅಂದ್ರ ಪ್ರ್ಯಾಕ್ಟೀಸ್ ಫೈಟ್ ಮಾಡ್ದಾಗ ಇಬ್ರ ಮುಂದಿನ ಪಾದ ಒಂದಕ್ಕೊಂದು ತುಳೀತಿದ್ವು, ಮುಂದಿನ ಕೈಲೆ ಹೊಡಿಯೂ ಜ್ಯಾಬ್ ಮುಟ್ಟವಲ್ದು, ಪಾಪ ಅತ್ತಾನ. ಆದ್ರ ಇನೊವೆಗೆ ಅದೇನು ಹೊಸಾದಾ? ಅಂವ ಸೋಲಿಸಿದ ತಪಾಲೆಸ್, ನೆರಿ, ಅಖ್ಮದಾಲಿಯೇವ್ ಮೂರೂ ಮಂದಿ ಎಡಗೈಯವರ.

ನಕಟಾನಿನ್ನ ನಾ ಕಡಿಮಿ ಅನ್ನಾಕತ್ತಿಲ್ಲ ಮತ್ತ. ಹದಿನೈದು ವರ್ಷದ ಹುಡುಗ ಇದ್ದಾಗ ಜಪಾನ್ ಬಿಟ್ಟು ಅಮೆರಿಕಾಕ್ಕ ಕಲಿಯಾಕ ಹೋದಾಂವ, ಮೂರು ವೇಟ್‌ನಾಗ, ಅಂದ್ರ ಮೂರು ತೂಕದ ವರ್ಗದಾಗ ಚಾಂಪಿಯನ್ ಆಗ್ಯಾನ, 2023ರಾಗ ಮೊಲೊನಿನ್ನ 12ನೇ ರೌಂಡಿನ್ಯಾಗ ಕೆಡವಿದ್ದು ನೋಡಿದ್ರ ಈಗಲೂ ಎದಿ ಝಲ್ ಅಂತೈತಿ. 2025 ಮುಗಿಯೂತನಕ ಇಬ್ರೂ 32 ಆಡಿ 32 ಗೆದ್ದಿದ್ರು, ಒಂದೂ ಸೋಲಿರಲಿಲ್ಲ, ಇಂಥಾ ಜೋಡಿ ಒಂದೇ ದೇಶದಾಗ ಒಂದೇ ವೇಟ್‌ನಾಗ ಸಿಗೂದು ಎಲ್ಲಿ ಮಾಮಾ.

ಆದ್ರ ನಕಟಾನಿ 53.5 ಕೇಜಿಯಿಂದ 55.3ಕ್ಕ ಬಂದದ್ದು 2025ರ ಕೊನಿಗಷ್ಟ. ಎರಡು ಕೇಜಿನೂ ಇಲ್ಲಲ್ಲ ಅಂತೀರಿ, ಈ ಸಣ್ಣ ಮೈಯ್ಯಾಗ ಅಷ್ಟೇ ಭಾಳ. 2025ರ ಡಿಸೆಂಬರ್ 27ಕ್ಕ ರಿಯಾದ್‌ನಾಗ ಒಂದೇ ರಾತ್ರಿ ಇಬ್ರೂ ಆಡಿದ್ರಲ್ಲ, ಇನೊವೆ ಪಿಕಾಸೊನ್ನ ಆರಾಮಾಗಿ ಪಾಯಿಂಟ್ಸ್ ಮ್ಯಾಲ ಗೆದ್ದ, ನಕಟಾನಿಗೆ ಹರ್ನಾಂಡೆಸ್ ಮೈಮ್ಯಾಲ ಏರಿ ಏರಿ ಬಂದು ಬೆವರ ಇಳಿಸಿದ, ಕಣ್ಣ ಬಾತಿತ್ತು, ನಕಟಾನಿ ಗೆದ್ರೂ ಇಬ್ರು ಜಡ್ಜ್ 115-113 ಅಷ್ಟ ಕೊಟ್ರು. ಹೊಟ್ಟಿಗೆ ಹೊಡ್ಯೂದ್ರಾಗ ಇನೊವೆಗಿಂತ ಯಾರದಾರ ಹೇಳ್ರಿ? 2019ರಾಗ ಡೊನೇರ್ ಜೋಡಿ ಕಣ್ಣಿನ ಎಲುಬು ಮುರಕೊಂಡು 12 ರೌಂಡ್ ಆಡಿದ್ನಲ್ಲ, ಅವತ್ತೂ 11ನೇ ರೌಂಡಿನ್ಯಾಗ ಡೊನೇರ್‌ನ್ನ ಕುಂದ್ರಿಸಿದ್ದು ಬಾಡಿ ಶಾಟ್‌ನ.

ನನಗ ಅಂಜಿಕಿ ಇರೂದು ಮೊದಲ ಮೂರು ರೌಂಡ್ ಅಷ್ಟ. ಇನೊವೆ ಬಿದ್ದದ್ದು ಎರಡೂ ಸಲ ಸುರುವಿನಾಗ, ನಕಟಾನಿಯ ಉದ್ದ ಕೈ ಅಳತಿ ತಿಳಿಯೂಕಿಂತ ಮುಂಚೆ ಆ ಲೆಫ್ಟ್ ಸ್ಟ್ರೇಟ್, ಎಡಗೈಯ ನೇರ ಹೊಡತ, ಬಂದ್ರ ಕಷ್ಟ ಆಕ್ಕೈತಿ, ಅದನ್ನ ನಾ ನಿಮಗ ಬಿಟ್ಟುಕೊಡ್ತೀನಿ. ಮೂರು ದಾಟಿದ್ರ ಮಾತ್ರ ಪಾಯಿಂಟ್ಸ್ ಮ್ಯಾಲ ಇನೊವೆನ. ಫೈಟ್ ಪಕ್ಕಾ ಆದ್ರ ಕಲ್ಯಾಣದಾಗ ಇಂದ್ರಾಯಣಿ ರೈಲು ಹತ್ತಿ ಪುಣೆಕ್ಕ ಬರ್ರಿ, ಅತ್ತಿನ್ನೂ ಕರ್ಕೊಂಡ ಬರ್ರಿ, ಒಟ್ಟಿಗೆ ಕುಂತು ನೋಡೂನು.